ದೆವ್ವ ವಿಲೇವಾರಿ ಇಲಾಖೆ, ಭಾಗ ಐದು

ನಮ್ಮೂರಿನ ಟಾಕೀಸಿನಲ್ಲಿ ನಗೆ ಪಿಕ್ಚರಿಗೆ ಟಿಕೆಟು ಹರಿಯುವ ಮುಂಚೆ ಕಿಟಕಿಯೊಳಗಿನ ಲಿಂಗಣ್ಣ ಒಂದೇ ಪ್ರಶ್ನೆ ಕೇಳುತ್ತಾನೆ. "ಮನೇಲಿ ಯಾರಾದ್ರೂ ಕೂತಿದ್ದಾರಾ?" ಇಲ್ಲ ಅಂದರೆ ಟಿಕೆಟು. ಹೌದು ಅಂದರೆ, "ಮುಂದಿನ ವಾರ ಪೌರಾಣಿಕ ಬರ್ತದೆ ತಾಯಿ, ಆಗ ಬನ್ನಿ" ಅಂತ ಕೈ ಮುಗಿಯುತ್ತಾನೆ. ಸುಳ್ಳು ಹೇಳಿ ಒಳಗೆ ಹೋದವರೂ ಇದ್ದಾರೆ. ಅವರು ಮನೆಗೆ ವಾಪಸು ಬಂದಾಗ ಕುರ್ಚಿ ಖಾಲಿ ಇರುತ್ತದೆ. ಮಾರನೆಯ ದಿನ ಬಂದು ಲಿಂಗಣ್ಣನ ಕಿಟಕಿಯ ಮುಂದೆ ನಿಂತು ಅಳುತ್ತಾರೆ. ಅವನೇನು ಮಾಡಿಯಾನು, ಅವನು ಕೊಡುವುದು ಒಳಗೆ ಹೋಗುವ ಟಿಕೆಟು ಮಾತ್ರ.

ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡಿ, ಕೆರೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದರೆ ಅವರು ನಮಗಿಂತ ಮುಂಚೆ ಬಂದು ಕೂತಿರುತ್ತಾರೆ. ಬದುಕಿದ್ದಾಗ ಎಲ್ಲಿ ಕೂರುತ್ತಿದ್ದರೋ ಅಲ್ಲೇ. ಊಟವಿಲ್ಲ, ಮಾತಿಲ್ಲ, ರೆಪ್ಪೆ ಬಡಿಯುವುದಿಲ್ಲ. ಮನೆಯವರು ಯಾರಾದರೂ ಮೊದಲ ಸಲ ನಕ್ಕರೆ ಎದ್ದು ಹೋಗುತ್ತಾರೆ. ಎದ್ದು ಹೋಗುವುದನ್ನು ನೋಡಿದವರಿಲ್ಲ. ನಕ್ಕವರು ಬಾಯಿ ಮುಚ್ಚಿಕೊಂಡು ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಬರಿದಾಗಿರುತ್ತದೆ. ಬಹಳಷ್ಟು ಮನೆಗಳಲ್ಲಿ ಇದು ಹನ್ನೊಂದು ದಿನದೊಳಗೆ ಮುಗಿದುಹೋಗುತ್ತದೆ. ಪುರೋಹಿತರಿಗೆ ಸೀನು ಬರುತ್ತದೆ, ಮಗು ಏನೋ ಕೇಳುತ್ತದೆ, ಯಾರೋ ಫಕ್ಕನೆ ನಗುತ್ತಾರೆ. ಆದರೆ ಕಳಿಸಿಕೊಡಲು ಮನಸ್ಸಿಲ್ಲದ ಮನೆಗಳೂ ಇವೆ. ಅಂಥ ಮನೆಯ ಚಿಲಕಕ್ಕೆ ಒಂದು ಕರ್ಚೀಫು ಕಟ್ಟಿರುತ್ತದೆ. ಒಳಗೆ ಹೋಗುವವರು ಚಪ್ಪಲಿಯ ಜೊತೆ ನಗುವನ್ನೂ ಹೊರಗೆ ಬಿಟ್ಟು ಹೋಗಬೇಕು. ಮನೆಯವರು ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಾರೆ. ನಗು ಬಂತೆನ್ನಿಸಿದರೆ ಕಚ್ಚಬೇಕು. ಕೆಳಗಿನ ಬೀದಿಯಲ್ಲಿ ಒಬ್ಬಾಕೆ ಇಪ್ಪತ್ತೆರಡು ವರ್ಷದಿಂದ ಕಚ್ಚುತ್ತಿದ್ದಾಳೆ. ಪ್ರತಿ ಶುಕ್ರವಾರ ಗಂಡನ ಮೇಲಿನ ಧೂಳು ಹೊಡೆಯುತ್ತಾಳೆ.

ಇನ್ನೊಂದು ಕಟ್ಟಳೆ. ಯಾರು ನಕ್ಕರೋ ಅವರೇ ಆ ಕುರ್ಚಿಯನ್ನು ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವಂತೆ ಹೊರಗೆ ತಂದು ತೊಳೆಯಬೇಕು. ಮತ್ತೆ ಅದೇ ಜಾಗದಲ್ಲಿಟ್ಟು, ಒದ್ದೆಯಲ್ಲೇ ಒಮ್ಮೆ ಕೂತು ಏಳಬೇಕು. ಅಲ್ಲಿಗೆ ಮುಗಿಯಿತು. ರಿಟೈರಾದ ಪೋಸ್ಟ್ ಮಾಸ್ತರರ ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಮೂರನೆಯ ದಿನವೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಮಾಸ್ತರರು ಅಲ್ಲಾಡಲಿಲ್ಲ. ನಾಲ್ಕು ತಿಂಗಳ ಮೇಲೆ ಗೇಟಿನ ಹತ್ತಿರ ಹಾಲು ಅಳೆಯುತ್ತಿದ್ದ ನಿಂಗಿ ಯಾವುದಕ್ಕೋ ನಕ್ಕಳು, ಮಾಸ್ತರರು ಹೋದರು. ನಿಂಗಿಯೇ ಕುರ್ಚಿ ತೊಳೆದಳು. ಮಕ್ಕಳು ಬಾಗಿಲ ಹಿಂದೆ ನಿಂತು ನೋಡಿದರು. ಮನೆಯವರು ಯಾರು ಅನ್ನುವುದು ರೇಷನ್ ಕಾರ್ಡಿಗೆ ಗೊತ್ತಿರುವುದಿಲ್ಲ, ಸತ್ತವರಿಗೆ ಗೊತ್ತಿರುತ್ತದೆ ಅಂತ ಆವತ್ತು ಊರಿಗೆಲ್ಲ ತಿಳಿಯಿತು.

ಇಂಥ ಊರಿನಲ್ಲಿ ನನ್ನ ಕಸುಬು ನಗಿಸುವುದು. ನಾನು ಬಿ.ಎ., ಅಂದರೆ ಬರೀ ಅನುಕರಣೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ಎರಡು ದಿನ ರಜೆ ಘೋಷಿಸಿ, ಮೂರನೆಯ ದಿನ ಅವರ ಧ್ವನಿಯಲ್ಲೇ ಬೈಸಿಕೊಂಡವನು. ಆಮೇಲೆ ಆಟೋಕ್ಕೆ ಮೈಕು ಕಟ್ಟಿಕೊಂಡು ಬಟ್ಟೆ ಅಂಗಡಿ, ಬೆಲ್ಲದ ಮಂಡಿಗಳ ಪ್ರಚಾರ. ಒಂದೇ ಬಾಯಲ್ಲಿ ಗಂಡ, ಹೆಂಡತಿ, ಅತ್ತೆ, ಮಾವ. ಚಿಕ್ಕಪ್ಪನ ಮನೆಯಲ್ಲಿ ಬೆಳೆದದ್ದು. ಆ ಮನೆಯಲ್ಲಿ ನನಗೊಂದು ಮೂಲೆ ಇತ್ತು, ಅಂಗಿಗೊಂದು ಗೂಟ ಇತ್ತು. ಊರೆಲ್ಲ ನನ್ನನ್ನು ಗಿಳಿ ಅನ್ನುತ್ತದೆ. ಆ ಹೆಸರಿಟ್ಟವನು ಮರಿದೇವ.

ಮರಿದೇವ ಊರ ಬಸ್ಸಿನ ಕಂಡಕ್ಟರು. ಅವನ ದನಿ ಸ್ವಲ್ಪ ಒರಟು. ಪ್ರತಿ ಮಾತಿನ ಕೊನೆಗೂ ಅರ್ಧ ಉಸಿರು ಉಳಿಸಿಕೊಳ್ಳುತ್ತಿದ್ದ, ಮುಂದಿನ ಸ್ಟಾಪು ಕೂಗಲಿಕ್ಕೆ ಬೇಕಾದೀತು ಅನ್ನುವ ಹಾಗೆ. ಅವನ ತಾಯಿ ಸಾವಂತ್ರಮ್ಮ ಹಾಸಿಗೆ ಹೊಲಿಯುವವರು. ಮನೆಯ ನಡುಕೋಣೆಯ ತುಂಬ ಅರಳೆ ಚೀಲ. ಅಲ್ಲಿ ಕೂತು ಮಾತಾಡಿದರೆ ಮಾತು ಗೋಡೆಗೆ ತಾಗಿ ವಾಪಸು ಬರುವುದಿಲ್ಲ, ಹತ್ತಿಯೊಳಗೆ ಹೋಗಿ ಮಲಗಿಬಿಡುತ್ತದೆ. ಆ ಕೋಣೆಯಲ್ಲಿ ಪಾತ್ರೆ ಸ್ಟ್ಯಾಂಡಿನ ಪಕ್ಕ ಒಂದು ಮರದ ಕುರ್ಚಿ. ಹಿಂದಿನ ಎಡಗಾಲು ಅಲ್ಲಾಡುತ್ತದೆ. ಮರಿದೇವ ಡ್ಯೂಟಿಯಿಂದ ಬಂದು ಅದರಲ್ಲೇ ಹಿಂದಕ್ಕೆ ವಾಲಿ ಕೂರುತ್ತಿದ್ದ. ಅವನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಸಾವಂತ್ರಮ್ಮ ಪಾತ್ರೆ ಅಂಗಡಿಗೆ ಹೋಗಿ ಸ್ಟೀಲಿನ ತಟ್ಟೆ ತಂದು, ಹಿಂಬದಿಯಲ್ಲಿ ಅವನ ಹೆಸರು ಕೊರೆಸಿದ್ದರಂತೆ. "ಪಾಸಾದೋನಿಗೆ ಎಲ್ಲರೂ ವಾಚು ಕೊಡ್ತಾರೆ, ಅವ್ವ ಊಟ ಕೊಟ್ಲು" ಅಂತ ಅವನೇ ತಮಾಷೆ ಮಾಡುತ್ತಿದ್ದ.

ನಮ್ಮಿಬ್ಬರನ್ನೂ ಅಂಟಿಸಿದ್ದು 'ದೆವ್ವ ವಿಲೇವಾರಿ ಇಲಾಖೆ'. ಹೊರಗಿನಿಂದ ಬಂದ ನಗೆ ಪಿಕ್ಚರುಗಳು, ನಾಲ್ಕು ಭಾಗ. ಒಂದು ಸರ್ಕಾರಿ ಆಫೀಸು, ಅಲ್ಲೊಬ್ಬ ಹೆಡ್ ಕ್ಲರ್ಕ್ ಕರಿಗೂಳಪ್ಪ, ಒಬ್ಬ ಜವಾನ. ದೆವ್ವಗಳ ಅರ್ಜಿ ತೆಗೆದುಕೊಳ್ಳುವುದು, ಮೂರು ಪ್ರತಿ ಕೇಳುವುದು, ಜಾತಿ ಸರ್ಟಿಫಿಕೇಟು ಇಲ್ಲವೆಂದು ಓಡಾಡಿಸುವುದು, ಕೊನೆಗೆ ಹಣೆಗೆ 'ವಿಲೇವಾರಿ ಆಗಿದೆ' ಅಂತ ಮೊಹರು ಒತ್ತುವುದು. ಬೇರೆ ಊರಿನವರು ಕ್ಲರ್ಕನ್ನು ನೋಡಿ ನಗುತ್ತಿದ್ದರು, ನಮ್ಮೂರಿನವರು ದೆವ್ವಗಳನ್ನು ನೋಡಿ ನಗುತ್ತಿದ್ದರು. ಕೂದಲು ಬಿಟ್ಟುಕೊಂಡು ಕಿರುಚುತ್ತವೆ, ಹಾರುತ್ತವೆ! "ಸತ್ತ ಮೇಲೆ ಇಷ್ಟು ಚುರುಕಾಗಿರ್ತಾರಾ ಯಾರಾದ್ರೂ?" ಅಂತ ಲಿಂಗಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ. ನಾಲ್ಕನೆಯ ಭಾಗದ ಕೊನೆಯಲ್ಲಿ ಕರಿಗೂಳಪ್ಪನಿಗೇ ದೆವ್ವ ಹಿಡಿಯುತ್ತದೆ, ಅವನ ಕಣ್ಣು ಹಳದಿಯಾಗುತ್ತದೆ, 'ಮುಂದುವರಿಯುವುದು' ಅಂತ ಬರುತ್ತದೆ. ಮುಂದುವರಿಯಲಿಲ್ಲ. ತೆಗೆಯುತ್ತಿದ್ದ ಕಂಪನಿಯೇ ಬಾಗಿಲು ಹಾಕಿತು. ಮೂರು ವರ್ಷ ಕಾದೆವು. ಒಂದು ದಿನ ಮರಿದೇವ ಬಸ್ಸಿನ ಫುಟ್‌ಬೋರ್ಡಿನಿಂದಲೇ ಕೂಗಿದ: "ಲೋ ಗಿಳೀ! ಐದನೇದು ನಾವೇ ತೆಗಿಯೋಣ ಕಣೋ!"

ಮದುವೆ ವೀಡಿಯೋ ಮಾಡುವ ನಜೀರನನ್ನು ಹಿಡಿದೆವು. ಕಥೆ ನನ್ನದು, ಜವಾನನ ಪಾತ್ರವೂ ನನ್ನದು. ಮರಿದೇವ ಕರಿಗೂಳಪ್ಪ. ಅವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, "ಏನಮ್ಮಾ ಮೋಹಿನಿ, ಅರ್ಜಿಗೆ ಸ್ಟಾಂಪು ಅಂಟಿಸಿಲ್ವಲ್ಲ, ಎಂಜಲಿಲ್ವಾ?" ಅಂದರೆ ಕ್ಯಾಮೆರಾ ಹಿಡಿದ ನಜೀರನ ಕೈ ನಡುಗಿ ಶಾಟು ಹಾಳಾಗುತ್ತಿತ್ತು. ಭಾನುವಾರ ಭಾನುವಾರ ಒಂದೂವರೆ ವರ್ಷ ತೆಗೆದೆವು. ಎರಡು ಗಂಟೆ ಹತ್ತು ನಿಮಿಷದ ಪಿಕ್ಚರು. ಹೊರಗೆ ತೆಗೆದ ಶಾಟುಗಳಲ್ಲೆಲ್ಲ ಗಾಳಿ, ಹಾರನ್ನು, ನಾಯಿ. ಮಾತೆಲ್ಲ ಆಮೇಲೆ ಡಬ್ಬಿಂಗು ಅಂತಾಯಿತು.

ಉಳಿದದ್ದು ಅದೇ ಹಳದಿ ಕಣ್ಣಿನ ಸೀನು. ದೆವ್ವ ಹಿಡಿದ ಕರಿಗೂಳಪ್ಪ ಕುರ್ಚಿಯಲ್ಲಿ ಸುಮ್ಮನೆ ದುರುಗುಟ್ಟಿ ಕೂತಿರಬೇಕು, ಮಾತಿಲ್ಲ. ಸಾವಂತ್ರಮ್ಮನ ಅರಳೆ ಕೋಣೆಯಲ್ಲೇ ತೆಗೆಯುವುದೆಂದು ಗೊತ್ತಾಗಿತ್ತು. ಕಣ್ಣನ್ನು ಹಳದಿ ಮಾಡುವುದು ಹೇಗೆ ಅಂತ ನಾವು ತಲೆ ಕೆಡಿಸಿಕೊಂಡಿದ್ದ ವಾರವೇ ಮರಿದೇವ ಹಳದಿ ಕಣ್ಣಿನೊಂದಿಗೆ ಬಂದ. ನಿಜವಾದ ಹಳದಿ, ಮಾಗಿದ ನಿಂಬೆಯ ಹಾಗೆ. ನಾವು ಕುಣಿದಾಡಿಬಿಟ್ಟೆವು. ನಜೀರನೊಬ್ಬನೇ, "ಕಾಮಾಲೆ ಥರ ಇದೆ ಮಾರಾಯ, ಮೊದಲು ಡಾಕ್ಟರಿಗೆ ತೋರ್ಸೋಣ" ಅಂದ. ನಾನು ಬಿಡಲಿಲ್ಲ. "ಈಗ ಕಾಮಾಲೆ, ಫಸ್ಟ್ ಶೋ ದಿನ ಹೂಮಾಲೆ! ಮೂರು ದಿನ ತಡ್ಕೋ ಕಣೋ, ಈ ಮೇಕಪ್ಪು ಮತ್ತೆ ಸಿಗಲ್ಲ" ಅಂದೆ. ಮರಿದೇವ ಎಲ್ಲರಿಗಿಂತ ಜೋರಾಗಿ ನಕ್ಕ. ಮೂರು ದಿನ ತೆಗೆದೆವು. ನಾಲ್ಕನೆಯ ದಿನ ಅವನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಹದಿಮೂರನೆಯ ದಿನ ಹೂಮಾಲೆ ತಂದೆ. ಕಟ್ಟಿಸುವಾಗ ಹೂವಿನವಳು ಎಷ್ಟು ಮೊಳ ಅಂತ ಕೇಳಿದಳು, ನನ್ನ ಬಾಯಿಂದ ಯಾರ ಧ್ವನಿಯೂ ಹೊರಡಲಿಲ್ಲ.

ಮಣ್ಣು ಮಾಡಿ ಬಂದಾಗ ಅವನು ಅಲ್ಲಾಡುವ ಕುರ್ಚಿಯಲ್ಲಿ ಕೂತಿದ್ದ, ಅದೇ ಹಳದಿ ಕಣ್ಣು. ಸಾವಂತ್ರಮ್ಮ ಅವನದೇ ಖಾಕಿ ಕರ್ಚೀಫನ್ನು ಚಿಲಕಕ್ಕೆ ಬಿಗಿದು, ಅಡುಗೆಮನೆಯ ಡಬ್ಬಿಯಿಂದ ಲವಂಗ ತೆಗೆದು ಬಾಯಿಗಿಟ್ಟುಕೊಂಡರು. ಆ ಮನೆಯಲ್ಲಿ ಇನ್ನು ಬೇರೆ ಯಾರೂ ಇರಲಿಲ್ಲ. ನಗುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ.

ಒಂಬತ್ತನೆಯ ದಿನ ಟೀ ಅಂಗಡಿಯಲ್ಲಿ ಯಾರೋ ಎಮ್ಮೆ ವ್ಯಾಪಾರದ ಕಥೆ ಹೇಳುತ್ತಿದ್ದರು, ನಾನು ನಕ್ಕುಬಿಟ್ಟೆ. ಸಣ್ಣ ನಗುವಲ್ಲ. ಮರುಗಳಿಗೆ ಗ್ಲಾಸು ಅಲ್ಲೇ ಬಿಟ್ಟು ಓಡಿದೆ. ಹನ್ನೆರಡು ವರ್ಷದ ಗೆಳೆಯ, ಒಂದೇ ಬೀಡಿಯಲ್ಲಿ ಅರ್ಧರ್ಧ ಸೇದಿದವರು, ಏನು ಮಾಡಿಕೊಂಡೆನೋ ಅಂತ ಬೆವರುತ್ತಾ ಬಾಗಿಲು ತಳ್ಳಿದರೆ, ಮರಿದೇವ ಕೂತಿದ್ದ. ಇದ್ದ ಹಾಗೇ ಕೂತಿದ್ದ. ಸದ್ಯ ಅನ್ನಿಸಿತು. ಅದಾಗಿ ಒಂದು ನಿಮಿಷಕ್ಕೆ ಇನ್ನೇನೋ ಅನ್ನಿಸಿತು, ಅದನ್ನು ಹೇಳಿಕೊಳ್ಳುವುದು ಕಷ್ಟ. ಹಾಗಾದರೆ ನಾನು ಮನೆಯವನಲ್ಲ. ಸರಿ, ಪರೀಕ್ಷೆ ಬರೆದಾಯಿತು, ಫಲಿತಾಂಶ ಬಂತು. ಅವನ ಮುಖವನ್ನೇ ನೋಡುತ್ತಾ, "ನಿಂಗಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲೋ" ಅಂದೆ. ಸಾವಂತ್ರಮ್ಮ ಒಳಗಿನಿಂದ, "ಯಾರ ಹತ್ರ ಮಾತು?" ಅಂದರು.

ಪಿಕ್ಚರನ್ನು ಅಲ್ಲಿಗೇ ಬಿಡೋಣ ಅಂತ ನಜೀರ ಹೇಳಿದ. ಕರಿಗೂಳಪ್ಪನ ಬಾಯಿ ಮಾತ್ರ ಆಡುತ್ತಿರುವ ಎರಡು ಗಂಟೆಯ ಮೂಕಿ ಪಿಕ್ಚರು ಅದು. ಅವನ ದನಿ ನನ್ನ ಗಂಟಲಿನಲ್ಲಿತ್ತು. ಆದರೆ ಎಲ್ಲಿ ಕೂತು ಮಾಡುವುದು? ಊರಿನಲ್ಲಿ ಎಲ್ಲಕ್ಕಿಂತ ನಿಶ್ಶಬ್ದವಾದ ಕೋಣೆ ಅದೊಂದೇ. ಕೇಳಲು ಹೋದಾಗ ಸಾವಂತ್ರಮ್ಮ ಸೂಜಿ ನಿಲ್ಲಿಸಲಿಲ್ಲ. "ಅವನ ಥರಾನೇ ಬರ್ತದಾ?" ಅಂದರು. ನಾನು ಗಂಟಲು ಸರಿಮಾಡಿಕೊಂಡು, ಅರ್ಧ ಉಸಿರು ಉಳಿಸಿಕೊಂಡು ಅಂದೆ: "ಅವ್ವಾ, ಸಾರಿಗೆ ಉಪ್ಪು ಕಮ್ಮಿ." ಸೂಜಿ ಅವರ ಬೆರಳಿಗೆ ಹೊಕ್ಕಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಕುರ್ಚಿಯ ಕಡೆ ನೋಡಿದರು. ಆಮೇಲೆ, "ನಾಳೆಯಿಂದ ಬಾ. ಊಟ ಇಲ್ಲೇ ಮಾಡು" ಅಂದರು.

ದಿನಾ ಸಂಜೆ ಆಟೋ ನಿಲ್ಲಿಸಿ ಹೋಗುತ್ತಿದ್ದೆ. ನಜೀರ ಲ್ಯಾಪ್‌ಟಾಪು, ಮೈಕು ಜೋಡಿಸಿಕೊಡುತ್ತಿದ್ದ. ನಾನು ಚಾಪೆಯ ಮೇಲೆ, ಎದುರಿಗೆ ಪರದೆಯಲ್ಲಿ ಓಡಾಡುವ ಮರಿದೇವ, ಅದರ ಪಕ್ಕ ಕುರ್ಚಿಯಲ್ಲಿ ಕೂತ ಮರಿದೇವ. ತುಟಿಗೆ ಮಾತು ಕೂರಿಸುವುದು ನಾಜೂಕಿನ ಕೆಲಸ. 'ಪ' 'ಮ'ಗಳಿಗೆ ತುಟಿ ಮುಚ್ಚಬೇಕು, ಕಾಲು ಸೆಕೆಂಡು ತಪ್ಪಿದರೂ ಬೇರೆ ಯಾರೋ ಒಳಗೆ ಹೊಕ್ಕು ಮಾತಾಡಿದ ಹಾಗೆ ಕಾಣುತ್ತದೆ. ಹಾಗೆ ನೋಡಿದರೆ ಆಗುತ್ತಿದ್ದದ್ದೂ ಅದೇ. ಒಂದೊಂದು ಸಲ ಮಾತು ಸಿಗದಿದ್ದರೆ ಕುರ್ಚಿಯಲ್ಲಿದ್ದವನ ಬಾಯಿ ನೋಡುತ್ತಿದ್ದೆ. ಅಲ್ಲೊಂದು ಓರೆ ಇತ್ತು, ಎಡತುಟಿ ಸ್ವಲ್ಪ ಕೆಳಗೆ. ನನ್ನ ತುಟಿಯನ್ನೂ ಹಾಗೆ ಎಳೆದುಕೊಂಡರೆ ದನಿ ತಾನಾಗಿ ಬರುತ್ತಿತ್ತು.

ಮಾತು ಮುಗಿದ ಮೇಲೆ ಸಾವಂತ್ರಮ್ಮ ಬಡಿಸುತ್ತಿದ್ದರು. ನಾನು ತಟ್ಟೆಯ ಮುಂದೆ ಕೂತರೆ, "ಹ್ಞೂ, ಕೇಳು" ಅನ್ನುತ್ತಿದ್ದರು. ನಾನು ಅವನ ದನಿಯಲ್ಲಿ ಕೇಳಬೇಕು. "ಅವ್ವಾ, ಇನ್ನೊಂದು ರೊಟ್ಟಿ." "ಅವ್ವಾ, ನಾಳೆ ಫಸ್ಟ್ ಶಿಫ್ಟು, ಬೇಗ ಎಬ್ಬಿಸು." ಅವರು ಕುರ್ಚಿಯ ಕಡೆ ತಿರುಗಿಕೊಂಡು ಉತ್ತರ ಕೊಡುತ್ತಿದ್ದರು, ನನಗೆ ಬಡಿಸುತ್ತಿದ್ದರು. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಹಸಿವಾಗತೊಡಗಿತು. ಒಂದು ದಿನ ನಜೀರ, "ಲೋ, ಹೊರಗೆ ಬಂದ ಮೇಲೂ ಅವನ ಥರಾನೇ ಮಾತಾಡ್ತಿದ್ದೀಯಲ್ಲೋ, ಭಯ ಆಗ್ತದೆ" ಅಂದ. ಇನ್ನೊಂದು ದಿನ ಚಿಕ್ಕಮ್ಮ, "ರಾತ್ರಿ ಊಟಕ್ಕೆ ನಿನ್ನನ್ನು ಲೆಕ್ಕಕ್ಕೆ ಹಿಡಿಯೋದು ಬಿಟ್ಟುಬಿಟ್ಟಿದ್ದೀನಪ್ಪ" ಅಂದರು.

ಎರಡು ತಿಂಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹನ್ನೊಂದು ತಿಂಗಳು ಹಿಡಿಯಿತು. "ಆ ಮಾತು ಅವನು ಹಂಗೆ ಹೇಳಲ್ಲ, ತಿರುಗಿ ಹೇಳು" ಅಂತ ಸಾವಂತ್ರಮ್ಮ ಹೊಲಿಗೆಯ ನಡುವೆ ತಡೆಯುತ್ತಿದ್ದರು. ತಿರುಗಿ ಹೇಳುತ್ತಿದ್ದೆ. ಸರಿಯಾಗಿದ್ದದ್ದನ್ನೂ ಕೆಲವು ಸಲ ನಾನೇ ಬೇಕಂತ ಕೆಡಿಸುತ್ತಿದ್ದೆ. ಜಗತ್ತಿನಲ್ಲೇ ಅತಿ ನಗೆಯ ಪಿಕ್ಚರನ್ನು ಒಂದು ವರ್ಷ ಒಬ್ಬರೂ ನಗದೆ ತಯಾರು ಮಾಡಿದೆವು. ಅವರು ಲವಂಗ ಕಚ್ಚಿಕೊಂಡಿದ್ದರು. ನಾನು ಕಚ್ಚಿಕೊಳ್ಳಬೇಕಾಗಿರಲಿಲ್ಲ, ಹೇಗೂ ನನ್ನ ನಗು ಲೆಕ್ಕಕ್ಕಿಲ್ಲ. ಈಗ ಹಿಂದಕ್ಕೆ ಹೋಗಿ ಹುಡುಕಿದರೆ ಆ ಹನ್ನೊಂದು ತಿಂಗಳಲ್ಲಿ ಟೀ ಅಂಗಡಿಯಲ್ಲಾಗಲಿ, ಬೇರೆಲ್ಲಾಗಲಿ ನಾನು ನಕ್ಕ ನೆನಪೇ ಇಲ್ಲ. ನಗಿಸುವವನು ನಗಬಾರದು ಅನ್ನುವುದು ಕಸುಬಿನ ಮರ್ಯಾದೆ, ಅದಕ್ಕೇ ಅಂದುಕೊಂಡಿದ್ದೆ.

ಪಿಕ್ಚರು ಸಿದ್ಧವಾಯಿತು. ಲಿಂಗಣ್ಣ ಒಂದು ಭಾನುವಾರದ ಮ್ಯಾಟಿನಿ ಬಿಟ್ಟುಕೊಟ್ಟ. ಸಾವಂತ್ರಮ್ಮ ನಾನೂ ಬರುತ್ತೇನೆ ಅಂದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ದೊಡ್ಡಮ್ಮ, ಅದು ನಗೋ ಪಿಕ್ಚರು. ಊರೆಲ್ಲಾ ನಗ್ತದೆ. ನಿಮಗೆ ತಡೆಯಕ್ಕಾಗದೆ ಇದ್ರೆ?"

"ಮಾತೆಲ್ಲಾ ನಂಗೆ ಬಾಯಿಪಾಠ. ಯಾವ ಮಾತಿಗೆ ನಗ್ಲಿ?"

"ಮಾತು ಬೇರೆ, ಪರದೆ ಬೇರೆ. ಇಲ್ಲೇ ಲ್ಯಾಪ್‌ಟಾಪಲ್ಲಿ ನೋಡಿ."

"ಅದ್ರಲ್ಲಿ ಅವ್ನು ಗೇಣುದ್ದ ಕಾಣ್ತಾನೆ." ಅವರು ಕುರ್ಚಿಯ ಕಡೆ ಕೈ ತೋರಿಸಿದರು. "ಒಂದು ವರ್ಷದಿಂದ ಕೂತೇ ಇದ್ದಾನೆ ಕಣೋ. ನಡೆಯೋದು ನೋಡ್ಬೇಕು. ಆಳುದ್ದ ನಡೆಯೋದು ನೋಡ್ಬೇಕು. ಅಷ್ಟೇ."

ಲಿಂಗಣ್ಣ ಜೀವಮಾನದಲ್ಲಿ ಮೊದಲ ಸಲ ಪ್ರಶ್ನೆ ಕೇಳದೆ ಟಿಕೆಟು ಹರಿದ. ಕೊನೆಯ ಸಾಲಿನ ಅಂಚಿನ ಸೀಟು ಕೊಟ್ಟೆವು. ಅವರ ಸೀರೆಯ ಸೆರಗಿನಲ್ಲಿ ಒಂದು ಹಿಡಿ ಲವಂಗ. ನಾನು ಅವರ ಹಿಂದೆ ಬಾಗಿಲಿಗೊರಗಿ ನಿಂತೆ. ನನಗೆ ಎರಡು ಆಸೆ ಇದ್ದವು, ಒಂದಕ್ಕೊಂದು ಆಗುವಂಥವಲ್ಲ. ಊರು ಬಿದ್ದು ಬಿದ್ದು ನಗಬೇಕು. ಈ ಒಂದು ಸೀಟು ನಗಬಾರದು.

ಊರು ನಕ್ಕಿತು. ಮೋಹಿನಿಯ ಅರ್ಜಿಗೆ ನಕ್ಕಿತು, ಬ್ರಹ್ಮರಾಕ್ಷಸನಿಗೆ ಪಿಂಚಣಿ ತಡೆಹಿಡಿದಾಗ ಸೀಟು ಬಡಿಯಿತು. ನಾನು ಪರದೆ ನೋಡಲೇ ಇಲ್ಲ, ಸಾವಂತ್ರಮ್ಮನ ದವಡೆ ನೋಡುತ್ತಿದ್ದೆ. ಅದು ಗಾಣದ ಹಾಗೆ ತಿರುಗುತ್ತಿತ್ತು. ಕರಿಗೂಳಪ್ಪ ಫೈಲು ಹಿಡಿದುಕೊಂಡು ಊರಬಾಗಿಲಿನಿಂದ ಬಸ್ ಸ್ಟ್ಯಾಂಡಿನ ತನಕ ಓಡುವ ಶಾಟು ಬಂದಾಗ ಸೀಟಿನ ತುದಿಗೆ ಬಂದರು. ಎಲ್ಲರೂ ನಗುತ್ತಿದ್ದರು, ಅವರ ತುಟಿ ಏನೋ ಎಣಿಸುತ್ತಿತ್ತು. ಹೆಜ್ಜೆಗಳನ್ನೇ ಇರಬೇಕು. ಹಳದಿ ಕಣ್ಣಿನ ಸೀನಿನಲ್ಲಿ ಮಾತ್ರ ಮುಖ ತಿರುಗಿಸಿಕೊಂಡರು. ಅದು ಮನೆಯಲ್ಲೇ ಇತ್ತಲ್ಲ.

ಕೊನೆಗೆ ಜವಾನ ತನ್ನ ಹೆಡ್ ಕ್ಲರ್ಕಿನ ಹಣೆಗೇ ಮೊಹರು ಒತ್ತುತ್ತಾನೆ, ದೆವ್ವ ಬಿಡುತ್ತದೆ. ಹೆಸರುಗಳು ಮೇಲೇರತೊಡಗಿದವು. ಚಪ್ಪಾಳೆ ಬಿತ್ತು. ಸಾವಂತ್ರಮ್ಮ ದೊಡ್ಡ ಉಸಿರುಬಿಟ್ಟು, ಜಗಿದು ನಾರಾಗಿದ್ದ ಲವಂಗವನ್ನು ಅಂಗೈಗೆ ಉಗಿದುಕೊಂಡರು. ಗೆದ್ದೆವು ಅಂದುಕೊಂಡು ನಾನೂ ಮೊದಲ ಸಲ ಪರದೆಯ ಕಡೆ ತಿರುಗಿದೆ.

ಆಗ ನಜೀರ ನನಗೂ ಹೇಳದೆ ಅಂಟಿಸಿದ್ದ ತುಂಡು ಬಂತು. ಅರಳೆ ಕೋಣೆ, ಅದೇ ಕುರ್ಚಿ, ಹಳದಿ ಕಣ್ಣಿನ ಮರಿದೇವ. ಹಿನ್ನೆಲೆಯಲ್ಲಿ ನನ್ನ ದನಿ "ಕಟ್" ಅನ್ನುತ್ತದೆ. ಅವನು ಮೈ ಸಡಿಲಬಿಟ್ಟು, ಹಿಂದಕ್ಕೆ ವಾಲಿ, ನೇರ ಕ್ಯಾಮೆರಾ ನೋಡುತ್ತಾನೆ. ಕೈ ಬೆರಳುಗಳನ್ನು ಗಾಳಿಯಲ್ಲಿ ಕುಣಿಸುತ್ತಾ ಶುರುಮಾಡುತ್ತಾನೆ: "ಅಂದ್ರೆ, ನಾನ್ ಏನ್ ಹೇಳ್ತೀನಿ ಅಂದ್ರೆ... ಈಗ, ಅಂದ್ರೆ... ನಾನ್ ಏನ್ ಹೇಳೋದು ಅಂದ್ರೆ..." ಕತ್ತನ್ನು ಕೋಳಿಯ ಹಾಗೆ ಮುಂದಕ್ಕೆ ಹಾಕಿ, ಮೂಗಿನಿಂದ ಪುಸ್ಸೆಂದು ಉಸಿರು ಬಿಟ್ಟು, ತನ್ನ ಜೋಕಿಗೆ ತಾನೇ ಹುಬ್ಬು ಹಾರಿಸಿ, ಯಾರೂ ನಗದಿದ್ದರೆ ಹೇಗೋ ಏನೋ ಅಂತ ಪಕ್ಕಕ್ಕೆ ಕಳ್ಳನೋಟ ಬೀರಿ. ನಾನು! ಅದು ನಾನು. ಊರಿನವರ ಧ್ವನಿಯನ್ನೆಲ್ಲ ಕದ್ದವನ ಧ್ವನಿಯನ್ನು ಅವನು ಯಾವಾಗಲೋ ಕದ್ದಿಟ್ಟುಕೊಂಡಿದ್ದ. ನಾನು ಹಾಗೆ ಮಾತಾಡುತ್ತೇನೆಂದು ಇಪ್ಪತ್ತೊಂಬತ್ತು ವರ್ಷ ನನಗೇ ಗೊತ್ತಿರಲಿಲ್ಲ.

ಹೊಟ್ಟೆಯ ಕೆಳಗಿನಿಂದ ಎದ್ದು ಬಂದ ನಗು ಅದು. ತಡೆಯುವ ಯೋಚನೆಯೂ ಬರಲಿಲ್ಲ. ಬಾಗಿಲಿಗೆ ಹಣೆ ಚಚ್ಚಿಕೊಂಡು ನಕ್ಕೆ. ಟಾಕೀಸೆಲ್ಲ ನಗುತ್ತಿತ್ತು, ನನ್ನದು ಅದರಲ್ಲಿ ಮುಳುಗಿಹೋಯಿತು. ಕಣ್ಣೊರೆಸಿಕೊಂಡು ನೋಡಿದಾಗ ಸಾವಂತ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಮುಂದಿನ ಸೀಟಿನ ಮೇಲೆ ಬಾಗಿದ್ದರು, ಭುಜ ಅದುರುತ್ತಿತ್ತು. ಒಂದು ವರ್ಷ ನನ್ನ ಸರಕನ್ನು ಕೇಳಿದ ಕಿವಿಗೆ ಡಬ್ಬಿಂಗಿಲ್ಲದ ಅಸಲು ದನಿ ಬಿದ್ದಿತ್ತು.

ಮನೆಯ ತನಕ ನಡೆದೇ ಬಂದೆವು. ಇನ್ನೂ ಬಿಸಿಲಿತ್ತು. ಚಿಲಕದಲ್ಲಿ ಕರ್ಚೀಫು ಕಟ್ಟಿದ ಹಾಗೇ ಇತ್ತು. ಬಾಗಿಲು ತೆಗೆದೆವು. ಕುರ್ಚಿ ಖಾಲಿ.

"ಅಳು ಕಣೋ ಅದು," ಅಂದರು ಸಾವಂತ್ರಮ್ಮ. ಕುರ್ಚಿಯ ಬೆನ್ನನ್ನು ಸವರುತ್ತಾ ಮತ್ತೆ ಅಂದರು, "ಗಿಳಿ, ನಾನು ಅತ್ತಿದ್ದು. ನಗಲಿಲ್ಲ. ಲವಂಗ ಉಗಿದಿದ್ದೆ, ನಿಜ. ಆದ್ರೆ ನಗಲಿಲ್ಲ. ಅಲ್ವಾ?" ಅವರದು ಅಳುವಾದರೆ ಅವನನ್ನು ಕಳಿಸಿದ್ದು ನನ್ನ ನಗು. ಹನ್ನೊಂದು ತಿಂಗಳ ಸಂಜೆಗಳು, ಆ ರೊಟ್ಟಿಗಳು ಒಂದರ ಮೇಲೊಂದು ಬಂದು ನನ್ನ ಗಂಟಲಿನಲ್ಲಿ ಕೂತಿದ್ದವು. ಒಂಬತ್ತನೆಯ ದಿನ ನಾನು ಬರೆದ ಪರೀಕ್ಷೆಯ ಫಲಿತಾಂಶ ಆವತ್ತಿಗೆ ಮಾತ್ರ ಸರಿಯಾಗಿತ್ತು. ಆಮೇಲೆ ಯಾವ ಊಟಕ್ಕೋ, ಯಾವ ಸಂಜೆಗೋ ಅದು ಬದಲಾಗಿತ್ತು, ನನಗೆ ಯಾರೂ ಹೇಳಿರಲಿಲ್ಲ. "ನಾಳೆ ಬರ್ತೀನಿ ದೊಡ್ಡಮ್ಮ" ಅಂತ ಹೊರಟುಬಂದೆ. ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ.

ಊರು ತೀರ್ಪು ಕೊಟ್ಟಾಗಿತ್ತು. "ಪಾಪ, ಒಂದು ವರ್ಷ ತಡೆದಳು, ಹೆತ್ತ ಮಗನ ಚೇಷ್ಟೆಗೇ ಸೋತಳು" ಅಂತ ನಲ್ಲಿಯ ಹತ್ತಿರ ಹೆಂಗಸರು ಅನ್ನುತ್ತಿದ್ದರು. ಲಿಂಗಣ್ಣ ಅವರ ಮನೆಗೆ ಹೋಗಿ ಕಾಲಿಗೆ ಬಿದ್ದನಂತೆ. ಸಾವಂತ್ರಮ್ಮ ಕುರ್ಚಿ ತೊಳೆಯಲಿಲ್ಲ. ನಗದವಳು ಯಾಕೆ ತೊಳೆಯಬೇಕು? ಕರ್ಚೀಫು ಬಿಚ್ಚಲಿಲ್ಲ. ಹಾಸಿಗೆ ಹೊಲಿಯುವುದನ್ನು ಬಿಟ್ಟಿದ್ದಾರೆ, ಲವಂಗ ಜಗಿದು ಜಗಿದು ಬಾಯಿ ಹುಣ್ಣಾಗಿದೆ ಅಂತ ನಜೀರ ಬಂದು ಹೇಳಿದ. "ಆ ತುಂಡು ನಾನು ಹಾಕಬಾರದಿತ್ತು ಕಣೋ" ಅಂತ ಅತ್ತ. ಅವನಿಗೂ ನಾನು ಹೇಳಲಿಲ್ಲ. ಆಟೋದಲ್ಲಿ ಕೂತು ಬೆಲ್ಲದ ಮಂಡಿಯ ಪ್ರಚಾರ ಮಾಡುತ್ತಿದ್ದೆ. ಗಂಡನ ಧ್ವನಿಯಲ್ಲೂ ಹೆಂಡತಿಯ ಧ್ವನಿಯಲ್ಲೂ ಬೆಲ್ಲ ಸಿಹಿ ಅಂತ ಹೇಳುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಅವರೇ ಹೇಳಿ ಕಳಿಸಿದರು. ಹೋದೆ. ಚಾಪೆ ಹಾಸಿದ್ದ ಹಾಗೇ ಇತ್ತು, ಕುರ್ಚಿಯೂ. ಅವರ ತುಟಿ ಊದಿತ್ತು, ಮಾತು ಕಷ್ಟವಾಗುತ್ತಿತ್ತು.

"ನೀನು ನನ್ನ ಹಿಂದೇನೇ ನಿಂತಿದ್ದೆ."

"ಹೌದು."

"ಎಂಥ ದನಿಯಾದ್ರೂ ಒಂದ್ಸಲ ಕೇಳಿದ್ರೆ ನಿಂಗೆ ಬರ್ತದೆ. ಆ ಹೊತ್ತಿಗೆ ನನ್ನ ಗಂಟಲಿಂದ ಏನೋ ಬಂತು. ಅದನ್ನು ಮಾಡಿ ತೋರ್ಸು." ಅವರು ಕಣ್ಣು ಮುಚ್ಚಿಕೊಂಡರು. "ಆರು ದಿನದಿಂದ ನೆನಪು ಮಾಡ್ಕೊಂಡು ಮಾಡ್ಕೊಂಡು ಅದು ಅಳುವೋ ನಗುವೋ ನಂಗೇ ಗೊತ್ತಾಗ್ತಾ ಇಲ್ಲ. ನೀನು ಮಾಡು. ಕೇಳಿದ್ರೆ ಗೊತ್ತಾಗ್ತದೆ. ನಗುವಾದ್ರೆ ನಗು ಅಂತಾಗ್ಲಿ, ಕುರ್ಚಿ ತೊಳೀತೀನಿ."

ಇದಕ್ಕಿಂತ ಸುಲಭದ ದಾರಿ ನನಗೆ ಸಿಗುತ್ತಿರಲಿಲ್ಲ. ಒಂದು ಅಳು ಅತ್ತುಬಿಟ್ಟರೆ ಅವರಿಗೆ ನೆಮ್ಮದಿ, ನಾನೂ ಬಚಾವು. ಅವರ ಗಂಟಲು ನನಗೆ ಗೊತ್ತು, ಆ ಸಣ್ಣ ಕೀರಲು, ಕೊನೆಯಲ್ಲಿ ನುಂಗಿಕೊಳ್ಳುವುದು ಎಲ್ಲ ಗೊತ್ತು. ಅತ್ತೆ. ಚೆನ್ನಾಗಿಯೇ ಅತ್ತೆ, ಹತ್ತಿಯೊಳಗೆ ಹೋಗಿ ಅದು ಮಲಗಿತು.

ಸಾವಂತ್ರಮ್ಮ ಕಣ್ಣು ಬಿಡಲಿಲ್ಲ. "ಇದು ನಂದಲ್ಲ," ಅಂದರು. "ಇದು ಅವನು ಹೋದ ದಿನ ಅತ್ತಿದ್ದು. ಅವತ್ತಿಂದು ತಂದು ಇಲ್ಲಿಗಂಟಿಸ್ತಾ ಇದ್ದೀಯ." ಕಣ್ಣು ಬಿಟ್ಟರು. "ಮೊನ್ನೇದು ನೀನು ಕೇಳಿಸ್ಕೊಂಡೇ ಇಲ್ಲ. ಎರಡು ಮೊಳ ದೂರದಲ್ಲಿದ್ದೆ, ಕೇಳಿಸ್ಕೊಂಡಿಲ್ಲ. ಯಾಕೆ?"

ನಾನು ಬಾಯಿ ತೆಗೆದೆ. "ಅಂದ್ರೆ, ನಾನ್ ಏನ್ ಹೇಳ್ತೀನಿ ಅಂದ್ರೆ..." ಅಂತ ಬಂತು. ಮರಿದೇವ ಮಾಡಿ ತೋರಿಸಿದ್ದ ಹಾಗೇ, ಕತ್ತು ಮುಂದಕ್ಕೆ ಹಾಕಿ. ಅಲ್ಲಿಂದ ಮುಂದಕ್ಕೆ ಮಾತು ಹೋಗಲಿಲ್ಲ. ಹಾಗಾಗಿ ಎದ್ದು ಹೋಗಿ ಕುರ್ಚಿಯ ಎರಡೂ ಕೈ ಹಿಡಿದು ಎತ್ತಿದೆ.

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂತ ಕಾದೆ, ಹೊಡೆದರೂ ಸರಿ ಅಂತ ಕಾದೆ. "ಜೋರಾಗಿ ನಕ್ಕೆಯಾ?" ಅಂದರು.

"ಹ್ಞೂ."

"ಅವನ ಚೇಷ್ಟೆಗಾ?"

"ಹ್ಞೂ."

ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದು ಸೆರಗಿಗೆ ಒರೆಸಿಕೊಂಡರು. "ಹಿಂದಿನ ಎಡಗಾಲು ಅಲ್ಲಾಡ್ತದೆ," ಅಂದರು. "ಹುಷಾರಾಗಿ ಎತ್ತು."

ಬೀದಿಯ ನಲ್ಲಿಯ ಕೆಳಗೆ ತೊಳೆದೆ. ಕೊಡ ಹಿಡಿದು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಒಬ್ಬಾಕೆ ತನ್ನ ಕೊಡವನ್ನು ಸರಿಸಿ ಜಾಗ ಬಿಟ್ಟಳು. ಬೆನ್ನಿನ ಹಲಗೆ ಒರಗಿ ಒರಗಿ ನುಣುಪಾಗಿತ್ತು. ಅದನ್ನು ನಾರಿನಿಂದ ಉಜ್ಜಲು ಕೈ ಬರಲಿಲ್ಲ, ಅಂಗೈಯಲ್ಲೇ ಉಜ್ಜಿದೆ. ನೀರು ಸುರಿಯುತ್ತಿದ್ದ ಕುರ್ಚಿಯನ್ನು ಹೊತ್ತು ತಂದು ಅದೇ ಜಾಗದಲ್ಲಿಟ್ಟೆ. ಸಾವಂತ್ರಮ್ಮ ಬಾಗಿಲಿನಲ್ಲಿ ನಿಂತು ಕರ್ಚೀಫಿನ ಗಂಟು ಬಿಚ್ಚುತ್ತಿದ್ದರು. ವರ್ಷದ ಗಂಟು, ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು.

ಕಟ್ಟಳೆಯಂತೆ ಒದ್ದೆ ಕುರ್ಚಿಯಲ್ಲಿ ಕೂತೆ. ಅದು ಹಿಂದಕ್ಕೆ ವಾಲಿತು. ಅಲ್ಲಿಂದ ಕೋಣೆ ಬೇರೆಯೇ ಕಾಣುತ್ತಿತ್ತು. ಎದುರಿಗೆ ನಾನು ಕೂರುತ್ತಿದ್ದ ಚಾಪೆ, ನಡುವೆ ತಗ್ಗು. ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಾತ್ರೆ ಸ್ಟ್ಯಾಂಡು. ಊಟದ ತಟ್ಟೆಗಳನ್ನು ಹಿಂಬದಿ ಈ ಕಡೆಗೆ ಮಾಡಿ ನಿಲ್ಲಿಸಿದ್ದರು. ಒಂದರ ಹಿಂದೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರದಲ್ಲಿ 'ಮರಿದೇವ' ಅಂತ, ಸವೆದಿತ್ತು. ಅದರ ಪಕ್ಕದ ತಟ್ಟೆಯಲ್ಲಿ ನಾನು ಹನ್ನೊಂದು ತಿಂಗಳು ಊಟ ಮಾಡಿದ್ದೆ, ತೊಳೆಯಲು ಮಾತ್ರ ಸಾವಂತ್ರಮ್ಮ ಒಂದು ದಿನವೂ ಬಿಟ್ಟಿರಲಿಲ್ಲ. ಅದರ ಹಿಂದೆಯೂ ಚುಕ್ಕಿಗಳಿದ್ದವು, ಹೊಸವು, ಇನ್ನೂ ಹೊಳೆಯುತ್ತಿದ್ದವು. 'ಗಿಳಿ.'

ಮರಿದೇವ ಅಷ್ಟು ತಿಂಗಳೂ ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಾ ಕೂತಿದ್ದ. ಒಮ್ಮೆ ಕೂತು ಏಳಬೇಕು ಅನ್ನುವುದು ಕಟ್ಟಳೆ. ನಾನು ಬಟ್ಟೆಯೆಲ್ಲ ಒದ್ದೆಯಾಗಿ, ಬಹಳ ಹೊತ್ತು ಏಳಲಿಲ್ಲ.